ಕೊಡಬೇಡ ಎಂದ ಚೀಟಿ

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಗಾದೆ ಕಟ್ಟಿದವರು ಯಾರೋ ಏನೋ, ಅವರು ಅವ್ವಮ್ಮನ ಅಂಗೈ ನೋಡಿದವರಲ್ಲ. ಹುಣ್ಣು ಅವಳ ಕಣ್ಣೆದುರಿಗೇ ಇತ್ತು, ಹಾಡಹಗಲಿನಲ್ಲೇ ಇತ್ತು, ಕಣ್ಣಿಗೂ ಏನೂ ಆಗಿರಲಿಲ್ಲ. ಆದರೂ ಅದು ಯಾತರ ಹುಣ್ಣು ಎಂದು ತಿಳಿಯಲು ಅವಳಿಗೆ ಮೂರು ತಿಂಗಳು ಹಿಡಿಯಿತು. ತಿಳಿದ ಮೇಲೂ ಅದರಿಂದ ಉಪಯೋಗವಾಗಲಿಲ್ಲ.

ಶಹಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಗಂಡ ಗುರಣ್ಣನ ಹಿಂದೆ ಊರು ಬಿಟ್ಟಾಗ ಅವ್ವಮ್ಮನಿಗೆ ಇಪ್ಪತ್ತೂ ತುಂಬಿರಲಿಲ್ಲ. ಮೊದಲು ಬಾರಾಮತಿ ಕಡೆ ಕಬ್ಬು ಕಡಿಯಲು ಹೋದರು. ಆಮೇಲೆ ಪುಣೆಗೆ ಬಂದು ಕಟ್ಟಡದ ಕೆಲಸಕ್ಕೆ ಬಿದ್ದರು. ಕೋಥರೂಡದಲ್ಲಿ ಇವತ್ತು ಲಿಫ್ಟು, ಗೇಟು, ವಾಚಮನ್ ಎಲ್ಲ ಇರುವ ಎಷ್ಟೋ ಸೊಸೈಟಿಗಳಿಗೆ ಅವ್ವಮ್ಮ ತಲೆಯ ಮೇಲೆ ಮಾಲು ಹೊತ್ತಿದ್ದಾಳೆ. ಮಕ್ಕಳಾಗಲಿಲ್ಲ. ಗುರಣ್ಣ ಸ್ಲ್ಯಾಬಿನ ಹಲಗೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಯಾವ ಕಟ್ಟಡಗಳಿಗೆ ಸಿಮೆಂಟು ಹೊತ್ತಿದ್ದಳೋ ಅದೇ ಕಟ್ಟಡಗಳಿಗೆ ರೊಟ್ಟಿ ಬಡಿಯಲು ಹೋಗತೊಡಗಿದಳು. ಪುಣೆಯ ಜನ ಭಾಕರಿ ಎನ್ನುತ್ತಾರೆ, ಅವಳು ರೊಟ್ಟಿ ಎನ್ನುತ್ತಾಳೆ. ಜೋಳದ ಹಿಟ್ಟಿಗೆ ಎರಡೂ ಒಂದೇ.

ನಾಲ್ಕು ಮನೆ ಹಿಡಿದಿದ್ದಳು. ಅವಳದು ಲಟ್ಟಣಿಗೆ ಮುಟ್ಟದ ರೊಟ್ಟಿ. ಕುದಿಯುವ ಎಸರು ಹಾಕಿ ಹಿಟ್ಟು ನಾದಿ, ಪರಾತದ ಅಗಲ ತಟ್ಟೆಯಲ್ಲಿಟ್ಟು ಅಂಗೈಯಿಂದ ಬಡಿಯುತ್ತ ತಿರುಗಿಸುತ್ತ ಹೋದರೆ ಹುಣ್ಣಿಮೆಯ ಚಂದ್ರನೂ ಸ್ವಲ್ಪ ಸೊಟ್ಟ ಅನ್ನಿಸಬೇಕು, ಅಷ್ಟು ದುಂಡಗೆ ಬರುತ್ತಿತ್ತು. ಬೆಂಗಳೂರು ಕಡೆಯಿಂದ ಬಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ನಿಖಿತಾ ಎಂಬ ಹುಡುಗಿ, ಮುದ್ದೆ ತಿಂದು ಬೆಳೆದವಳು, ಅವ್ವಮ್ಮನ ರೊಟ್ಟಿ ತಿಂದ ಮೇಲೆ ಮುದ್ದೆಯ ಹೆಸರೆತ್ತಲಿಲ್ಲ. ಅದು ಹಿಟ್ಟಿನ ಗುಣವಲ್ಲ, ಕೈಗುಣ ಎಂದು ನಾಲ್ಕೂ ಮನೆಯವರು ಹೇಳುತ್ತಿದ್ದರು. ಅವ್ವಮ್ಮನಿಗೂ ಅದು ಗೊತ್ತಿತ್ತು, ಸ್ವಲ್ಪ ಜಂಬವೂ ಇತ್ತು. ಇಟ್ಟುಕೊಳ್ಳಲಿ ಬಿಡಿ, ಬೇರೆ ಏನು ತಾನೇ ಇತ್ತು ಅವಳ ಹತ್ತಿರ.

ಈ ಕೈಗುಣಕ್ಕೆ ಇನ್ನೊಂದು ಕೆಲಸವೂ ಗಂಟುಬಿದ್ದಿತ್ತು. ಕಬ್ಬಿನ ಗರಿ ಎಂದರೆ ಗರಗಸ. ಬಾರಾಮತಿಯಲ್ಲಿ ಮೊದಲ ವರ್ಷ ಅವಳ ಮುಂಗೈಯೆಲ್ಲ ಗೀರು ಬಿದ್ದು ಕೀವಾದಾಗ ಯಾರೋ ಒಂದು ಹಳದಿ ಟ್ಯೂಬು ಕೊಟ್ಟರು. ಹಚ್ಚಿದಳು, ವಾರದಲ್ಲಿ ಮಾಯಿತು. ಅವತ್ತಿನಿಂದ ಹಳದಿ ಟ್ಯೂಬು ಅವಳ ಮನೆದೇವರ ಪಕ್ಕದಲ್ಲೇ ಕೂತಿತು. ಪುಣೆಗೆ ಬಂದ ಮೇಲೆ ಪ್ರತಿ ಮೆಡಿಕಲ್ ಅಂಗಡಿಯಲ್ಲೂ ಅದು ಸಿಗುತ್ತಿತ್ತು, ಯಾರೂ ಯಾಕೆ ಏನು ಎಂದು ಕೇಳುತ್ತಿರಲಿಲ್ಲ. ಗುಡ್ಡದ ಬದಿಯಲ್ಲಿ ಅವರಿದ್ದ ತಗಡಿನ ಪತ್ರಾ ಮನೆಗಳ ಸಾಲಿನಲ್ಲಿ ಯಾರಿಗೆ ಕುರು ಎದ್ದರೂ, ಮೊಳೆ ತರಚಿದರೂ, ಹಿಮ್ಮಡಿ ಒಡೆದರೂ, ಕೊನೆಗೆ ಸೊಳ್ಳೆ ಕಚ್ಚಿದರೂ ಅವ್ವಮ್ಮನ ಬಾಗಿಲಿಗೆ ಬರುತ್ತಿದ್ದರು. ಟ್ಯೂಬು ಕೈಗೆ ಕೊಟ್ಟರೆ ಸಾಲದು; ಅವಳೇ ಬೆರಳಿನಿಂದ ಹಚ್ಚಬೇಕು. ಪಕ್ಕದ ಮನೆಯ ಭೀಮವ್ವನಂತೂ ತಾನೇ ಟ್ಯೂಬು ಕೊಂಡು ತಂದು, ನೀನೇ ಹಚ್ಚು ಎಂದು ಕೈ ಚಾಚುತ್ತಿದ್ದಳು. ಹೀಗೆ ಇಪ್ಪತ್ತು ವರ್ಷ ಪ್ರತಿಯೊಬ್ಬರ ಗಾಯದ ಮುಲಾಮು ಮೊದಲು ಅವ್ವಮ್ಮನ ಬೆರಳಿಗೆ ತಾಗಿತು.

ಡಬ್ಬಿಯ ಒಳಗೆ ಎಂಟು ಮಡಿಕೆಯ ಒಂದು ಕಾಗದವೂ ಬರುತ್ತಿತ್ತು. ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು, ತುರಿಕೆ ಬಂದರೆ ಏನು ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಬರೆದವರು ಯಾರಿಗೆ ಬರೆದರೋ ದೇವರಿಗೇ ಗೊತ್ತು. ಗುರಣ್ಣ ಅದರಲ್ಲಿ ತಂಬಾಕು ಕಟ್ಟಿಕೊಳ್ಳುತ್ತಿದ್ದ.

ಸಂಕ್ರಾಂತಿ ಕಳೆದ ವಾರ ಹಂಚಿನ ಅಂಚು ತಾಗಿ ಅವ್ವಮ್ಮನ ಬಲಗೈಯ ಕಿರುಬೆರಳ ಕೆಳಗೆ ಸುಟ್ಟಿತು. ನಾಲ್ಕಾಣೆಯಷ್ಟು ಅಗಲ. ಟ್ಯೂಬು ಹಚ್ಚಿದಳು, ಮಾಯಿತು. ಮಾಯ್ದ ಮೇಲೂ ಹಚ್ಚುತ್ತಲೇ ಹೋದಳು, ಮತ್ತೆ ಬರದೇ ಇರಲಿ ಎಂದು. ಮೂರನೇ ವಾರ ಅಲ್ಲಿ ತುರಿಕೆ ಶುರುವಾಯಿತು, ಸಾಸಿವೆ ಗಾತ್ರದ ನೀರುಗುಳ್ಳೆ ಎದ್ದವು, ಒಡೆದು ಸೋರಿದವು.

ಅವ್ವಮ್ಮನಿಗೆ ಇದಕ್ಕೆ ಒಂದು ಹೆಸರು ಗೊತ್ತಿತ್ತು: ನಂಜು. ಅವಳ ತಾಯಿಗೂ ಗೊತ್ತಿದ್ದದ್ದು ಅದೊಂದೇ. ಗಾಯ ಕೆಂಪಾದರೆ ನಂಜು, ಸೋರಿದರೆ ನಂಜು, ಊದಿದರೆ ನಂಜು. ಮಾಯದ ಗಾಯಕ್ಕೂ ಅದೇ ಹೆಸರು, ಮೈಗೆ ಒಗ್ಗದ್ದಕ್ಕೂ ಅದೇ ಹೆಸರು. ನಂಜಿಗೆ ಎರಡು ಮದ್ದು: ಬಾಯಿ ಕಟ್ಟುವುದು, ಮುಲಾಮು ಹಚ್ಚುವುದು. ಮೊದಲು ಬದನೆಕಾಯಿ ಬಿಟ್ಟಳು. ಆಮೇಲೆ ಶೇಂಗಾ ಚಟ್ನಿ, ಆಮೇಲೆ ಪುಂಡಿಪಲ್ಯ, ಅವರೆ, ಹುಳಿ, ಕೊನೆಗೆ ಬೇಳೆಯನ್ನೂ ಬಿಟ್ಟಳು. ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದಳು. ಮುಲಾಮನ್ನು ಮಾತ್ರ ಎರಡು ಹೊತ್ತಿನಿಂದ ನಾಲ್ಕು ಹೊತ್ತಿಗೆ ಏರಿಸಿದಳು. ಉರಿದರೆ ಔಷಧಿ ಹಿಡಿಯುತ್ತಿದೆ ಎಂದು ಸಮಾಧಾನ. ಅಂಗೈಯಿಂದ ಬೆರಳ ಸಂದಿಗೆ, ಅಲ್ಲಿಂದ ಮಣಿಕಟ್ಟಿಗೆ, ಆಮೇಲೆ ಎಡಗೈಗೆ, ಮುಲಾಮು ಹೋದಲ್ಲೆಲ್ಲ ಹುಣ್ಣು ಹೋಯಿತು. ಮುಂದೆ ಯಾವುದು, ಹಿಂದೆ ಯಾವುದು ಎಂದು ಅವಳು ನೋಡಲಿಲ್ಲ.

ಸೋರುವ ಕೈಯಿಂದ ನಾದಿದ ಹಿಟ್ಟನ್ನು ಯಾರು ತಿನ್ನುತ್ತಾರೆ? ಮೊದಲ ಮನೆಯವರು ಊರಿಗೆ ಹೋಗುತ್ತಿದ್ದೇವೆ ಎಂದರು, ಹೋಗಲಿಲ್ಲ. ಎರಡನೆಯವರು, ಮೂರನೆಯವರು ನೇರವಾಗಿಯೇ ಬೇಡ ಎಂದರು. ನಿಖಿತಾ ರಬ್ಬರ್ ಗ್ಲೌಸು ತಂದುಕೊಟ್ಟಳು. ಅವ್ವಮ್ಮ ಹಾಕಿಕೊಂಡು ಬಡಿದಳು. ಹಿಟ್ಟು ಗ್ಲೌಸಿಗೇ ಅಂಟಿಕೊಂಡು ಬಂತು. ಬಿಸಿ ಎಷ್ಟು, ಹಸಿ ಎಷ್ಟು ಎಂದು ಅಂಗೈಗೆ ತಿಳಿಯದ ಮೇಲೆ ರೊಟ್ಟಿ ಹೇಗೆ ಏಳಬೇಕು? ಅವತ್ತು ಅವಳಿಗೆ ಮೊದಲ ಸಲ ನಿಜವಾದ ಭಯವಾಯಿತು. ಈ ಕೈ ಹೋದರೆ ಗುರಣ್ಣನ ಹೊಟ್ಟೆಗೂ ತನ್ನ ಹೊಟ್ಟೆಗೂ ಬೇರೆ ದಾರಿಯಿಲ್ಲ ಎಂಬುದು ಅವಳಿಗೆ ಲೆಕ್ಕ ಹಾಕದೆಯೇ ತಿಳಿದಿತ್ತು. ನಿಖಿತಾ ಒಳ್ಳೆಯ ಹುಡುಗಿ. ಕೈ ವಾಸಿಯಾಗುವ ತನಕ ಕೆಲಸ ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ ಎಂದು ದೊಡ್ಡ ಆಸ್ಪತ್ರೆಯ ದಾರಿ ಹೇಳಿ, ಬಸ್ಸಿನ ನಂಬರನ್ನೂ ಹೇಳಿ ಕಳಿಸಿದಳು.

ಡಾಕ್ಟರು ಮರಾಠಿಯ ಹೆಂಗಸು. ಕೈ ನೋಡಿದವಳೇ ಏನು ಹಚ್ಚುತ್ತೀ ಎಂದು ಕೇಳಿದಳು. ಅವ್ವಮ್ಮ ಸೆರಗಿನಿಂದ ಹಳದಿ ಟ್ಯೂಬು ತೆಗೆದು, ಒಳ್ಳೆಯ ಮಗನನ್ನು ತೋರಿಸುವ ಹಾಗೆ ತೋರಿಸಿದಳು. ಡಾಕ್ಟರು ಅದನ್ನು ತಿರುಗಿಸಿ ಓದಿ ನಿಟ್ಟುಸಿರುಬಿಟ್ಟಳು, ಆಮೇಲೆ ಬಹಳ ಹೊತ್ತು ಮಾತಾಡಿದಳು. ಅವ್ವಮ್ಮನಿಗೆ ಬಾಜಾರದ ಮರಾಠಿ ಬರುತ್ತಿತ್ತು, ಆಸ್ಪತ್ರೆಯ ಮರಾಠಿ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ನರ್ಸು ಸುಮಂಗಲಾ ಕಲಬುರಗಿಯ ಕಡೆಯವಳು. ಅವ್ವಮ್ಮನ ಮುಖ ನೋಡಿಯೇ ನಮ್ಮವರು ಎಂದು ತಿಳಿದುಕೊಂಡು ಸ್ಟೂಲು ಎಳೆದು ಕೂತಳು.

“ಯಕ್ಕಾ, ನಿಮಗ ಆದದ್ದು ಗಾಯದ ನಂಜಲ್ಲ. ಈ ಮುಲಾಮೇ ನಿಮಗ ನಂಜು.”

ಅವ್ವಮ್ಮ ನಕ್ಕುಬಿಟ್ಟಳು. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದರೆ ನಂಬುವುದು ಹೇಗೆ? ಸುಮಂಗಲಾ ಸಮಾಧಾನದಿಂದ ಬಿಡಿಸಿ ಹೇಳಿದಳು. ಟ್ಯೂಬಿನಲ್ಲಿ ನಿಯೋಮೈಸಿನ್ ಅಂತ ಒಂದು ಔಷಧ ಇದೆ, ಬಹಳ ಜನಕ್ಕೆ ಅದು ಏನೂ ಮಾಡುವುದಿಲ್ಲ, ಕೆಲವರ ಮೈಗೆ ಒಗ್ಗುವುದಿಲ್ಲ. ವರ್ಷಗಟ್ಟಲೆ ಬೆರಳಿಗೆ ತಾಗಿ ತಾಗಿ ನಿಮ್ಮ ಮೈ ಅದರ ಗುರುತು ಹಿಡಿದಿದೆ, ಇನ್ನು ಸಾಯುವ ತನಕ ಮರೆಯುವುದಿಲ್ಲ. ಬರೀ ಈ ಹಳದಿ ಟ್ಯೂಬಲ್ಲ. ಬೇರೆ ಬಣ್ಣದ, ಬೇರೆ ಹೆಸರಿನ ಮುಲಾಮು, ಗಾಯಕ್ಕೆ ಉದುರಿಸುವ ಪುಡಿ, ಎಷ್ಟರಲ್ಲೋ ಅದೇ ಇರುತ್ತದೆ. ಸಣ್ಣ ಗಾಯವಾದರೆ ಸಾಬೂನು ನೀರಿನಲ್ಲಿ ತೊಳೆದು ಶುದ್ಧ ಬಟ್ಟೆ ಕಟ್ಟಿದರೆ ಸಾಕು. ಕೆಂಪು ಏರುತ್ತ ಹೋದರೆ ಮೆಡಿಕಲ್ ಅಂಗಡಿಗಲ್ಲ, ಇಲ್ಲಿಗೆ ಬನ್ನಿ. ಬೇಳೆ ತಿನ್ನಿ, ಬದನೆಕಾಯಿಯನ್ನೂ ತಿನ್ನಿ.

ಡಾಕ್ಟರು ಒಂದು ಚೀಟಿ ಬರೆದಳು. ಇಂಗ್ಲಿಷಿನಲ್ಲಿ ಮೊದಲು ಅಲರ್ಜಿ ಎಂಬ ಮಾತು, ಅದರ ಕೆಳಗೆ ಔಷಧದ ಹೆಸರು ದೊಡ್ಡದಾಗಿ, ಅಡಿಗೆರೆ ಎಳೆದು. ಔಷಧಿ ತಗೊಳ್ಳುವಾಗ ಎಲ್ಲೇ ಆಗಲಿ ಇದನ್ನು ತೋರಿಸಬೇಕು ಎಂದು ಸುಮಂಗಲಾ ಎರಡು ಸಲ ಹೇಳಿದಳು. ಅವ್ವಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕಕ್ಕೆ ಇಟ್ಟಳು. ಅದಕ್ಕಿಂತ ಭದ್ರವಾದ ಜಾಗ ಅವಳಿಗೆ ಗೊತ್ತಿರಲಿಲ್ಲ.

ಹಳದಿ ಟ್ಯೂಬು ಬಿಟ್ಟಳು. ಆಸ್ಪತ್ರೆಯವರು ಕೊಟ್ಟದ್ದನ್ನು ಹೇಳಿದಷ್ಟೇ ದಿನ ಹಚ್ಚಿದಳು. ಮೂರು ವಾರದಲ್ಲಿ ಕೈ ಒಣಗಿತು, ಹೊಸ ಚರ್ಮ ಬಂತು, ತೆಳ್ಳಗೆ, ಗುಲಾಬಿ ಬಣ್ಣಕ್ಕೆ. ಬೇಳೆ ತಿಂದಳು. ನಿಖಿತಾಳ ಮನೆ ಮತ್ತೆ ಸಿಕ್ಕಿತು, ಅದೇ ಸೊಸೈಟಿಯಲ್ಲಿ ಇನ್ನೊಂದು ಹೊಸ ಮನೆಯೂ ಸಿಕ್ಕಿತು. ಮೊದಲ ದಿನ ರೊಟ್ಟಿ ಉಬ್ಬಿದಾಗ ನಿಖಿತಾ ಫೋನಿನಲ್ಲಿ ಫೋಟೋ ಹೊಡೆದಳು. ಅವ್ವಮ್ಮನಿಗೆ ಆದ ಸಂತೋಷ ಹೇಳತೀರದು. ಅವಳ ಬಾಳಿನ ಒಳ್ಳೆಯ ದಿನಗಳನ್ನು ಎಣಿಸಿದರೆ ಆ ಬೇಸಿಗೆಯ ಕೊನೆಯ ಹದಿನೈದು ದಿನವನ್ನು ಬಿಡುವ ಹಾಗಿಲ್ಲ.

ಮಳೆಗಾಲ ಹತ್ತಿತು. ಒಂದು ದಿನ ಹೊಸ ಮನೆಯಲ್ಲಿ ತೆಂಗಿನಕಾಯಿ ತುರಿಯುವಾಗ ಎಡಗೈಯ ಹೆಬ್ಬೆರಳು ತುಸು ಆಳವಾಗಿಯೇ ಕೊಯ್ದಿತು. ಅವ್ವಮ್ಮ ಹೇಳಿಸಿಕೊಂಡದ್ದನ್ನು ಮರೆತಿರಲಿಲ್ಲ. ಸಾಬೂನು ಹಾಕಿ ತೊಳೆದಳು, ಬಟ್ಟೆ ಕಟ್ಟಿದಳು. ಆದರೆ ದಿನಾ ಎರಡು ಮನೆಯ ಹಿಟ್ಟು, ಪಾತ್ರೆ, ಮಳೆ. ಕಟ್ಟು ಒಣಗಲು ಬಿಟ್ಟರೆ ತಾನೇ? ನಾಲ್ಕನೇ ದಿನ ಗಾಯದ ಅಂಚು ಕೆಂಪಗಾಯಿತು. ಆಸ್ಪತ್ರೆಗೆ ಹೋಗಬೇಕೆಂದರೆ ಒಂದು ಇಡೀ ದಿನ ಬೇಕು. ಮೊನ್ನೆ ತಾನೇ ಸಿಕ್ಕ ಮನೆಗಳಲ್ಲಿ ರಜೆ ಹೇಗೆ ಕೇಳುವುದು? ಚೀಟಿ ಇದೆಯಲ್ಲ ಎಂದುಕೊಂಡಳು. ಎಲ್ಲೇ ಆಗಲಿ ತೋರಿಸಬೇಕು ಎಂದಿದ್ದರಲ್ಲ, ತೋರಿಸಿದರಾಯಿತು.

ಪರಿಚಯದ ಅಂಗಡಿ ಮಧ್ಯಾಹ್ನ ಮುಚ್ಚಿತ್ತು. ಮುಂದಿನ ಚೌಕದ ದೊಡ್ಡ ಅಂಗಡಿಗೆ ಹೋದಳು. ಛತ್ರಿ ಹಿಡಿದ ಗಿರಾಕಿಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವ್ವಮ್ಮ ಸಂಚಿಯಿಂದ ಚೀಟಿ ಬಿಡಿಸಿ ಕೊಟ್ಟು, ಇದನ್ನು ನೋಡಿ ಕೈಗೆ ಮುಲಾಮು ಕೊಡಿ ಎಂದು ಮರಾಠಿಯಲ್ಲಿ ಹೇಳಿದಳು. ಅಲರ್ಜಿ ಎಂದಿದ್ದ ಮೇಲಿನ ಸಾಲಿನ ಮೇಲೆ ಸುಣ್ಣದ ಕಲೆ ಕೂತಿತ್ತು. ಇಲ್ಲದಿದ್ದರೂ ಡಾಕ್ಟರರ ಅಕ್ಷರ ಬ್ರಹ್ಮನ ಅಕ್ಷರದ ತಂಗಿ. ಅಡಿಗೆರೆ ಎಳೆದ ಹೆಸರು ಮಾತ್ರ ಸ್ಪಷ್ಟವಾಗಿತ್ತು. ಅಂಗಡಿಯವನು ಕಣ್ಣಾಡಿಸಿದ, ತಿರುಗಿದ, ಒಂದು ಹಸಿರು ಟ್ಯೂಬು ತೆಗೆದುಕೊಟ್ಟ. ಅದರ ಮೇಲೆ ಸಣ್ಣಕ್ಷರದಲ್ಲಿ ಇದ್ದದ್ದು ಚೀಟಿಯಲ್ಲಿದ್ದ ಹೆಸರೇ, ನಿಯೋಮೈಸಿನ್.

ಅವನದು ತಪ್ಪೇ ಎಂದರೆ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ಆ ಕಟ್ಟೆಯ ಮೇಲೆ ದಿನಕ್ಕೆ ನೂರು ಚೀಟಿ ಬರುತ್ತವೆ, ನೂರೂ ಕೊಡು ಎನ್ನುತ್ತವೆ. ಕೊಡಬೇಡ ಎನ್ನುವ ಚೀಟಿಯನ್ನು ಅವನು ಕಂಡಿರಲಿಲ್ಲ. ಅವ್ವಮ್ಮನಿಗೂ ಅನುಮಾನ ಬರಲಿಲ್ಲ. ಬಣ್ಣ ಹಸಿರು, ಚೀಟಿ ನೋಡಿಯೇ ಕೊಟ್ಟದ್ದು. ದೊಡ್ಡ ಆಸ್ಪತ್ರೆಯ ಚೀಟಿ ನೋಡಿ ಕೊಟ್ಟ ಮುಲಾಮು ಎಂಬ ಧೈರ್ಯದಿಂದ ಧಾರಾಳವಾಗಿಯೇ ಹಚ್ಚಿದಳು.

ಮೊದಲ ಸಲ ಮೂರು ವಾರ ಹಿಡಿದದ್ದಕ್ಕೆ ಈ ಸಲ ಒಂದೂವರೆ ದಿನ ಸಾಕಾಯಿತು. ಮೈ ಗುರುತು ಮರೆತಿರಲಿಲ್ಲ. ಹೆಬ್ಬೆರಳು ಊದಿತು, ಮುಲಾಮು ಸವರಿದ ಬಲಗೈಯೂ ಸೇರಿ ಎರಡೂ ಅಂಗೈ ತುಂಬ ಗುಳ್ಳೆ. ಇದು ಗಾಯದ್ದೇ ನಂಜು ಎಂದು ಅವ್ವಮ್ಮ ಖಚಿತ ಮಾಡಿಕೊಂಡಳು. ಮುಲಾಮಿನ ನಂಜು ಆಗುವಂತೆಯೇ ಇರಲಿಲ್ಲ, ಚೀಟಿ ತೋರಿಸಿಯೇ ತಂದಿದ್ದಳಲ್ಲ. ಇನ್ನಷ್ಟು ಹಚ್ಚಿದಳು. ಆ ಕೈಯಲ್ಲೇ ಬೆವರು ಒರೆಸಿಕೊಂಡಳು, ಕಣ್ಣು ಉಜ್ಜಿಕೊಂಡಳು. ಐದನೇ ದಿನ ರೆಪ್ಪೆ ಊದಿ ಕಣ್ಣು ತೆರೆಯಲಾಗಲಿಲ್ಲ, ತುರಿಸಿ ತುರಿಸಿ ಒಡೆದ ಜಾಗದಲ್ಲಿ ನಿಜವಾದ ಕೀವೂ ಆಯಿತು. ಸೊಂಟ ಸರಿಯಿಲ್ಲದ ಗುರಣ್ಣ ಅವಳ ತೋಳು ಹಿಡಿದುಕೊಂಡು ಬಸ್ಸು ಹತ್ತಿಸಿದ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ.

ಸುಮಂಗಲಾ ಹಸಿರು ಟ್ಯೂಬು ಓದಿದಳು. ಆಮೇಲೆ ಚೀಟಿ ಓದಿದಳು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

“ನಾ ಚೀಟಿ ತೋರಿಸೀನ್ರೀ,” ಎಂದಳು ಅವ್ವಮ್ಮ. “ನೀವ್ ಹೇಳ್ದಾಂಗೇ ಮಾಡೀನಿ.”

ಸುಮಂಗಲಾ ಇನ್ನೊಮ್ಮೆ ಚೀಟಿ ನೋಡಿದಳು. ಹೌದು, ಅವ್ವಮ್ಮ ಹೇಳಿದ ಹಾಗೆಯೇ ಮಾಡಿದ್ದಳು. ತೋರಿಸಿ ಎಂದದ್ದು ತಾನೇ. ತೋರಿಸಿ ಏನು ಹೇಳಬೇಕು ಎಂಬ ಒಂದು ಮಾತು ಮಾತ್ರ ತನ್ನ ಬಾಯಿಂದ ಬಂದಿರಲಿಲ್ಲ. ಅವಳಿಗೆ ಅಳು ಬಂತು, ಎದ್ದು ಹತ್ತಿ ತರಲು ಹೋದಳು.

ಒಂಬತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಕೀವು ಹೋಯಿತು, ಕಣ್ಣು ತೆರೆಯಿತು. ಕೈ ಮಾತ್ರ ಮೊದಲಿನಂತಾಗಲಿಲ್ಲ. ಎರಡು ಸಲ ಬೆಂದ ಚರ್ಮ ದಪ್ಪಗಾಗಿ ಒಣಗಿ ಗೆರೆಗೆರೆಯಾಗಿ ಬಿರಿಯಿತು. ಬೆರಳು ಪೂರಾ ಮಡಚಿದರೆ ಬಿರುಕಿನಿಂದ ರಕ್ತ ಬರುತ್ತಿತ್ತು. ನೀರು, ಹಿಟ್ಟು, ಸಾಬೂನು, ಬಿಸಿ ಯಾವುದೂ ಕೂಡದು ಎಂದು ಡಾಕ್ಟರು ಹೇಳಿದಳು. ಎಷ್ಟು ದಿನ ಎಂದು ಗುರಣ್ಣ ಕೇಳಿದ. ಡಾಕ್ಟರು ದಿನದ ಲೆಕ್ಕ ಹೇಳಲಿಲ್ಲ. ಸುಮಂಗಲಾ ಚೀಟಿಯನ್ನು ಹೊಸದಾಗಿ ಬರೆಸಿ, ಮೇಲೆ ಕೆಂಪು ಅಕ್ಷರದಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಕೊಡಬೇಡಿ ಎಂದು ತಾನೇ ಬರೆದು, ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ಕೊಟ್ಟಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ನಿಖಿತಾ ಒಂದು ಸಲ ಹಣ್ಣು ತೆಗೆದುಕೊಂಡು ನೋಡಲು ಬಂದಳು. “ಅಮ್ಮ, ನೀವು ಸ್ಟ್ರೆಸ್ ತಗೋಬೇಡಿ, ಫಸ್ಟ್ ಕೈ ಸರಿ ಹೋಗ್ಲಿ,” ಎಂದಳು. ಬೇರೆಯವರನ್ನು ಇಟ್ಟುಕೊಂಡಿದ್ದೇನೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಅವ್ವಮ್ಮ ಕೇಳಲೂ ಇಲ್ಲ. ಅವರವರ ಹೊಟ್ಟೆಗೆ ಅವರವರ ರೊಟ್ಟಿ ಬೇಕಲ್ಲ.

ದೀಪಾವಳಿಯ ಮುಂದೆ ಒಂದು ಬೆಳಿಗ್ಗೆ ಭೀಮವ್ವ ಮಗಳು ಭಾಗ್ಯಾಳ ಕೈ ಹಿಡಿದು ಬಂದಳು. ಹುಡುಗಿಯ ಮುಂಗೈಗೆ ಕುದಿಯುವ ಚಹಾ ಬಿದ್ದಿತ್ತು. ಭೀಮವ್ವನ ಇನ್ನೊಂದು ಕೈಯಲ್ಲಿ ಹಳದಿ ಟ್ಯೂಬಿತ್ತು, ವಾಡಿಕೆಯ ಹಾಗೆ. ಅವ್ವಮ್ಮ ಕೈ ಸೆರಗಿನಿಂದ ಹೊರಗೆ ತೆಗೆದಳು. ಭಾಗ್ಯಾ ಅದನ್ನು ನೋಡಿದವಳೇ ತನ್ನ ಸುಟ್ಟ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

ತಣ್ಣೀರು ಹಾಕು, ಬಹಳ ಹೊತ್ತು ಹಾಕು, ಟ್ಯೂಬು ಬೇಡ, ಆಸ್ಪತ್ರೆಗೆ ತೋರಿಸು ಎಂದು ಅವ್ವಮ್ಮ ಹೇಳಿದಳು. ಇಪ್ಪತ್ತು ವರ್ಷ ತಾನೇ ಹಚ್ಚಿದವಳು ಈಗ ಬೇಡ ಎನ್ನುತ್ತಿದ್ದಾಳಲ್ಲ ಎಂದು ಭೀಮವ್ವನಿಗೆ ಕಸಿವಿಸಿಯಾಯಿತು. ಹಾಗಾದರೆ ದೊಡ್ಡ ದವಾಖಾನೆಯ ಆ ಚೀಟಿಯನ್ನಾದರೂ ಕೊಡು, ತೋರಿಸಿ ಒಳ್ಳೆಯದೇ ತರುತ್ತೇನೆ ಎಂದಳು.

“ಆ ಚೀಟಿ ಕೊಡು ಅನ್ನೂದಿಲ್ಲ ಭೀಮವ್ವಾ. ಕೊಡಬ್ಯಾಡ ಅಂತದ.”

“ಕೊಡಬ್ಯಾಡ ಅಂತ ಯಾರರ ಚೀಟಿ ಬರೀತಾರೇನವ್ವ?” ಎಂದಳು ಭೀಮವ್ವ. ಕೈ ಕೆಟ್ಟ ಮೇಲೆ ಇವಳ ಮನಸ್ಸೂ ಸಣ್ಣದಾಯಿತು ಎಂದು ಬಾಗಿಲಲ್ಲೇ ಗೊಣಗುತ್ತ ಮಗಳನ್ನು ಎಳೆದುಕೊಂಡು ಹೋದಳು. ಪತ್ರಾ ಗೋಡೆಯ ಆಚೆ ಟ್ಯೂಬಿನ ಡಬ್ಬಿ ಹರಿದ ಸದ್ದು, ಹುಡುಗಿ ಉರಿ ಎಂದದ್ದು, ಉರಿದರೆ ಔಷಧಿ ಹಿಡಿಯುತ್ತಿದೆ ಎಂದು ತಾಯಿ ಹೇಳಿದ್ದು, ಎಲ್ಲ ಕೇಳಿಸಿತು. ಅದು ಅವ್ವಮ್ಮನದೇ ಮಾತು. ಅವಳೇ ಆ ಸಾಲಿನ ಮನೆಗಳಿಗೆಲ್ಲ ಕಲಿಸಿದ್ದು.

ಗುರಣ್ಣ ಒಲೆಯ ಮುಂದೆ ಪರಾತ ಇಟ್ಟುಕೊಂಡು, ಸೊಂಟಕ್ಕೆ ದಿಂಬು ಕೊಟ್ಟು ಕೂತಿದ್ದ. ಎಸರು ಎಷ್ಟು, ಹಿಟ್ಟು ಎಷ್ಟು ಎಂದು ಅವ್ವಮ್ಮ ಬಾಯಲ್ಲಿ ಹೇಳಿದಳು, ಅವನು ಮಾಡಿದ. ಬಡಿದರೆ ಸದ್ದು ಬರಲಿಲ್ಲ, ಅಂಚು ಸೀಳಿತು. ಹಂಚಿನ ಮೇಲೆ ಒಂದು ಕಡೆ ಕರಿಕಾಯಿತು, ನಡುವೆ ಹಸಿ ಉಳಿಯಿತು, ಉಬ್ಬಲೇ ಇಲ್ಲ. ಮುರಿಯಲು ಅವಳ ಬೆರಳು ಮಡಚುತ್ತಿರಲಿಲ್ಲವಾದ್ದರಿಂದ ಅವನೇ ತುಂಡು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದ.

“ಹ್ಯಾಂಗಾಗ್ಯಾದ?” ಎಂದು ಕೇಳಿದ.

ಅವ್ವಮ್ಮ ಅಗಿದಳು. ಹಸಿ ಹಿಟ್ಟು ಹಲ್ಲಿಗೆ ಅಂಟಿತು. “ಚಲೋ ಆಗ್ಯಾದ,” ಎಂದಳು, ತನ್ನ ಎರಡೂ ಕೈಗಳನ್ನು ಸೆರಗಿನ ಕೆಳಗೆ ಎಳೆದುಕೊಂಡಳು.